ಶಿವಪ್ಪನಾಯಕನ ಕಾಲದ ಶಾನುಭೋಗನನ್ನು ಹುಡುಕಿಕೊಂಡು

ಶಿವಮೊಗ್ಗ ಜಿಲ್ಲೆಯಲ್ಲಿ ಕಂದಾಯ ಇಲಾಖೆಯ ಕೆಲಸ ಮಾಡಿದವರಿಗೆ ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಹೊಸದಲ್ಲ. ಕೆಳದಿ ಅರಸರಲ್ಲಿ ದೊಡ್ಡ ಹೆಸರು ಶಿವಪ್ಪನಾಯಕನದು. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ. ಅವನು ಜಾರಿಗೆ ತಂದ ಭೂಕಂದಾಯದ ಏರ್ಪಾಟೇ ಈ ಶಿಸ್ತು. ನಾನು ಹೊಸನಗರ, ಸಾಗರದ ಕಡೆ ವಿ.ಎ. (ಗ್ರಾಮ ಲೆಕ್ಕಾಧಿಕಾರಿ) ಆಗಿ ಓಡಾಡಿಕೊಂಡಿದ್ದಾಗ ನಮ್ಮ ಹಿರಿಯ ಶಿರಸ್ತೇದಾರರೊಬ್ಬರು ಪಹಣಿ ತಿದ್ದುತ್ತಾ ಹೇಳುತ್ತಿದ್ದರು, “ನಮಗಿಂತ ಮುಂಚೆ ಇಲ್ಲಿ ಲೆಕ್ಕ ಬರೆದವರು ಇದ್ದರಮ್ಮ. ಗದ್ದೆಗದ್ದೆಗೂ ಹೋಗಿ ಬರೆದಿದ್ದಾರೆ.” ಆಗ ಸುಮ್ನೆ ಕೇಳಿಸಿಕೊಂಡಿದ್ದೆ.

ಬಹಳ ವರ್ಷಗಳ ಮೇಲೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಆ ಶಿಸ್ತಿನ ವಿವರ ಓದಿದೆ. ನಾಯಕ ಊರೂರಿನಲ್ಲಿ ಒಂದೊಂದು ಬಗೆಯ ಜಮೀನಿಗೆ ಒಂದೊಂದು ಗದ್ದೆ ಆರಿಸಿದನಂತೆ. ಅದನ್ನು ಸತತವಾಗಿ ಹಲವು ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿದ. ಬೀಜ ಎಷ್ಟು ಬಿತ್ತು, ಆಳಿಗೆ ಎಷ್ಟು ಹೋಯಿತು, ಕಣಕ್ಕೆ ಎಷ್ಟು ಬಂತು ಎಂದು ಲೆಕ್ಕ ಇಡಿಸಿದ. ಆಮೇಲೆ ಸರಾಸರಿ ತೆಗೆದು, ಹುಟ್ಟುವಳಿಯ ಮೂರನೇ ಒಂದು ಪಾಲು ಸರ್ಕಾರಕ್ಕೆ ಎಂದು ಗೊತ್ತು ಮಾಡಿದ. ಅಡಿಕೆ ತೋಟಕ್ಕೆ ದರ ಸಾವಿರ ಮರದ ಮೇಲೆ. ತೋಟದ ಅಳತೆಗೆ ಒಂದು ಗಳ. ಆ ಗಳದ ಉದ್ದ ಎಷ್ಟಿರಬೇಕು ಎಂದರೆ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬಾಗಿಲಲ್ಲಿದ್ದ ಒಂದು ಕಲ್ಲಿನ ಹದಿನೆಂಟು ಪಟ್ಟು. ಇವತ್ತಿನ ಲೆಕ್ಕದಲ್ಲಿ ಸುಮಾರು ಹದಿನೆಂಟೂವರೆ ಅಡಿ.

ಓದಿ ಮುಗಿಸಿದ ಮೇಲೆ ನನ್ನ ತಲೆಯಲ್ಲಿ ಕೂತದ್ದು ನಾಯಕ ಅಲ್ಲ, ಆ ಲೆಕ್ಕ ಬರೆದವನು. ಯಾಕೆಂದರೆ ಅದೇ ಕೆಲಸವನ್ನು ನಾನೂ ಮಾಡಿದ್ದೇನೆ. ಈಗ ಅದಕ್ಕೆ ಬೆಳೆ ಕಟಾವು ಪ್ರಯೋಗ ಎನ್ನುತ್ತಾರೆ. ಆಯ್ಕೆಯಾದ ಗದ್ದೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಕಟ್ಟಬೇಕು. ಅಷ್ಟರೊಳಗಿನ ಭತ್ತ ಕೊಯ್ದು, ಬಡಿದು, ತೂರಿ, ತೂಗಿ ಬರೆದುಕೊಳ್ಳಬೇಕು. ರೈತರು ಬದುವಿನ ಮೇಲೆ ನಿಂತು ನೋಡುತ್ತಿರುತ್ತಾರೆ. “ಸ್ವಲ್ಪ ಕಡಿಮೆ ಬರ್ಕೊಳಿ ಮೇಡಂ, ವಿಮೆ ದುಡ್ಡಾದ್ರೂ ಬರ್ಲಿ” ಎನ್ನುತ್ತಾರೆ. ಇಳುವರಿ ಕಡಿಮೆ ಬಂದರೆ ತಾನೇ ಬೆಳೆ ವಿಮೆ ಸಿಗುವುದು? ಮುನ್ನೂರೈವತ್ತು ವರ್ಷದ ಹಿಂದೆಯೂ ಬದುವಿನ ಮೇಲೆ ಜನ ಹೀಗೇ ನಿಂತಿರಬೇಕು. ಆಗ ಇಳುವರಿ ಕಡಿಮೆ ಬಂದರೆ ಕಂದಾಯ ಕಡಿಮೆ. ನಾಳೆ ಅವರ ಮಕ್ಕಳು, ಮೊಮ್ಮಕ್ಕಳು ಕಟ್ಟಬೇಕಾದದ್ದು ಆ ಕಣದಲ್ಲಿ ತೀರ್ಮಾನ ಆಗುತ್ತಿತ್ತು. ನಡುವೆ ನಿಂತು ಕೊಳಗದಲ್ಲಿ ಅಳೆಯುತ್ತಿದ್ದ ಶಾನುಭೋಗನಿಗೆ ಹೇಗಿದ್ದಿರಬಹುದು? ಒಂದು ಕಡೆ ಅರಮನೆ, ಇನ್ನೊಂದು ಕಡೆ ತನ್ನದೇ ಊರಿನ ಜನ.

ಕಾದಂಬರಿ ಬರೆಯಬೇಕು ಎಂದು ನಾನು ಕೂತದ್ದು ಈ ಪ್ರಶ್ನೆಗಾಗಿ. ಅದುವರೆಗೆ ವಾರಪತ್ರಿಕೆಗಳಿಗೆ ಒಂದಷ್ಟು ಕಥೆ ಬರೆದಿದ್ದೆ, ಅಷ್ಟೆ. ವಯಸ್ಸು ಐವತ್ತು ದಾಟಿತ್ತು. ಬಿದನೂರಿನ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿಲ್ಲ ಎನ್ನುವಂತೆಯೂ ಇರಲಿಲ್ಲ. ಆ ಸಂಸ್ಥಾನದ ಕೊನೆಯ ದಿನಗಳನ್ನು ಮಾಸ್ತಿಯವರು ‘ಚೆನ್ನಬಸವನಾಯಕ’ದಲ್ಲಿ ಬರೆದಿದ್ದಾರೆ. ಆದರೆ ನನಗೆ ಬೇಕಾದದ್ದು ಅರಮನೆಯ ಒಳಗಿನ ಮಾತಲ್ಲ. ನಾಯಕ ನನ್ನ ಪುಸ್ತಕದಲ್ಲಿ ಒಂದೇ ಸಲ, ಅದೂ ದೂರದಿಂದ ಕಾಣಬೇಕು, ಕುದುರೆ ಮೇಲೆ ಹೋಗುವ ಒಬ್ಬ ಮನುಷ್ಯನಂತೆ, ಎಂದು ಶುರುವಿನಲ್ಲೇ ತೀರ್ಮಾನ ಮಾಡಿದ್ದೆ. ಹಳ್ಳಿಯ ಜನರಿಗೆ ಅರಸ ಅಷ್ಟೇ ಕಂಡಿರುತ್ತಾನೆ.

ಓದು ಶುರುವಾಯಿತು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಮೊದಲು. ಕೆಳದಿಯ ಇತಿಹಾಸಕ್ಕೆ ಅದು ದೊಡ್ಡ ಆಧಾರ. ಯಾವ ಅರಸ ಯಾವಾಗ ಪಟ್ಟಕ್ಕೆ ಬಂದ, ಯಾವ ಕೋಟೆ ಗೆದ್ದ, ಯಾವ ಮಠಕ್ಕೆ ಏನು ಬಿಟ್ಟ ಎಲ್ಲ ಇದೆ. ನನ್ನ ಶಾನುಭೋಗ ಇಲ್ಲ. ಇರುವುದು ಸಾಧ್ಯವೂ ಇಲ್ಲ. ಅದು ಅರಸರ ವಂಶದ ಕಾವ್ಯ. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟ. ಸಾಗರ, ಸೊರಬ, ನಗರ, ತೀರ್ಥಹಳ್ಳಿ ಸೀಮೆಯ ಶಾಸನಗಳು ಅದರಲ್ಲಿವೆ. ನಾನು ಕಚೇರಿ ಕೆಲಸಕ್ಕೆ ಹೋಗಿ ಬಂದ ಊರುಗಳ ಹೆಸರುಗಳೇ! ದಾನ ಕೊಟ್ಟ ಜಮೀನಿನ ಎಲ್ಲೆ ಹೇಳುವ ಸಾಲುಗಳನ್ನು ನಾನು ಬಿಡದೆ ಓದಿದೆ. ಮೂಡಲು ಹಳ್ಳ, ತೆಂಕಲು ನೆಟ್ಟ ಕಲ್ಲು, ಪಡುವಲು ಹುಣಿಸೆಮರ. ನಮ್ಮ ಚೆಕ್ಕುಬಂದಿ ಬರೆಯುವ ರೀತಿ ಇವತ್ತಿಗೂ ಇದೇ ಅಲ್ವಾ? ಇತಿಹಾಸ ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಭಾಗ ಇದು. ನನಗೆ ಜಾಸ್ತಿ ಸಿಕ್ಕಿದ್ದು ಇಲ್ಲೇ.

ಕಡತಗಳನ್ನು ಓದುವುದು ಬೇರೆಯದೇ ಕಷ್ಟ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಹಚ್ಚಿ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಹಾಗಾಗಿ ದಿನದ ಲೆಕ್ಕಕ್ಕೆ ಅದು ಚೆನ್ನ. ಉಳಿಯುವುದು ಮಾತ್ರ ಕಡಿಮೆ. ಕೆಳದಿಯ ವಸ್ತು ಸಂಗ್ರಹಾಲಯದಲ್ಲಿ ಓಲೆಗರಿ, ಹಳೆಯ ಕಾಗದಪತ್ರಗಳ ಜೊತೆ ಕೂರುವ ಅವಕಾಶ ಸಿಕ್ಕಿತು. ಮೋಡಿ ಅಕ್ಷರ ಬಲ್ಲ ಹಿರಿಯರೊಬ್ಬರು ಪಕ್ಕ ಕೂತು ಕಲಿಸಿದರು. ಅಕ್ಷರಕ್ಕಿಂತ ಮೊದಲು ನನಗೆ ಕೈಗೆ ಹತ್ತಿದ್ದು ಅಂಕಿ. ಕಾಲು, ಅರೆ, ಮುಕ್ಕಾಲಿಗೆ ಒಂದೊಂದು ಗೀರು. ಹದಿನಾರನೇ ಒಂದು ಪಾಲು ವೀಸ. ಅದನ್ನು ಮತ್ತೆ ನಾಲ್ಕು ಮಾಡಿದರೆ ಕಾಣಿ, ಅಂದರೆ ಅರವತ್ತನಾಲ್ಕನೇ ಒಂದು. ಇಷ್ಟು ಸಣ್ಣ ಪಾಲನ್ನು ಬಾಯಿಲೆಕ್ಕದಲ್ಲಿ ಕೂಡಿ ಕಳೆಯುತ್ತಿದ್ದವರು ಎಂಥಾ ಜನ ಇದ್ದಿರಬೇಕು! ನನ್ನ ಶಾನುಭೋಗನಿಗೆ ಒಂದು ಗುಣ ಆಗ ಹುಟ್ಟಿತು. ಅವನು ಕಣ್ಣು ಮುಚ್ಚಿಕೊಂಡೇ ಲೆಕ್ಕ ಮಾಡುತ್ತಾನೆ, ಕೊನೆಯ ಕಾಣಿವರೆಗೂ.

ಸಂವತ್ಸರದ ತೊಡಕು ಇನ್ನೊಂದು. ಹಳೆಯ ಎಷ್ಟೋ ಲೆಕ್ಕಪತ್ರಗಳಲ್ಲಿ ಸಂವತ್ಸರದ ಹೆಸರು, ಮಾಸ, ತಿಥಿ ಮಾತ್ರ ಇರುತ್ತವೆ. ಶಕವರ್ಷ ಬರೆದಿರುವುದಿಲ್ಲ. ಪಾರ್ಥಿವ ಸಂವತ್ಸರ ಎಂದರೆ 1645 ಇರಬಹುದು, 1705 ಇರಬಹುದು, ಅದಕ್ಕೂ ಹಿಂದಿನದಾದರೆ 1585. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅದರಲ್ಲಿರುವ ಹೆಸರು, ನಾಣ್ಯ, ಬರಹದ ರೀತಿ ನೋಡಿ ಯಾವ ಸುತ್ತು ಎಂದು ಹಿಡಿಯಬೇಕು. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳು ಈ ಕೆಲಸಕ್ಕೆ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ 1620ರಿಂದ 1660ರವರೆಗಿನ ಸಂವತ್ಸರಗಳನ್ನು ಸಾಲಾಗಿ ಬರೆದೆ. ಯಾರಿಗೆ ಆಗ ಎಷ್ಟು ವಯಸ್ಸು, ಆ ವರ್ಷ ಬಿದನೂರಿನಲ್ಲಿ ಏನು ನಡೆಯುತ್ತಿತ್ತು ಎಲ್ಲ ಅದರ ಕೆಳಗೆ. ನಮ್ಮ ಮನೆಯವರು ಕಾಫಿ ಕುಡಿಯುತ್ತಾ ಅದನ್ನೇ ಓದುತ್ತಿದ್ದರು. “ನಿನ್ನ ತಿಮ್ಮಪ್ಪನಿಗೆ ಈ ವರ್ಷ ಮದುವೆ ಮಾಡ್ತೀಯೋ ಮುಂದಿನ ವರ್ಷಾನೋ?” ಎಂದು ಕೇಳುತ್ತಿದ್ದರು.

ಆ ತಿಮ್ಮಪ್ಪ ನನಗೆ ಸಿಕ್ಕಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1623ರ ಕೊನೆಯಲ್ಲಿ ಇಕ್ಕೇರಿಗೆ ಬಂದಿದ್ದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಗೋವೆಯ ಪೋರ್ಚುಗೀಸರು ನಾಯಕನ ಹತ್ತಿರ ಕಳಿಸಿದ ರಾಯಭಾರಿಯ ಜೊತೆ ಇವನೂ ಹೊರಟಿದ್ದ. ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದರು. ಘಟ್ಟದ ಮೇಲೆ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ಅವನು ಒಂದು ನೋಟ ಕಂಡ. ಕೆಲವು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ನೆಲದ ಮೇಲೆ ಸಣ್ಣ ಮರಳು ಹರಡಿದ್ದಾರೆ. ಒಬ್ಬ ರಾಗವಾಗಿ ಹಾಡುತ್ತಾ ಬೆರಳಲ್ಲಿ ಅಂಕಿ ಬರೆಯುತ್ತಾನೆ. ಉಳಿದವರು ಅದೇ ರಾಗದಲ್ಲಿ ಹೇಳುತ್ತಾ ಬರೆಯುತ್ತಾರೆ. ಜಾಗ ತುಂಬಿದರೆ ಮತ್ತೆ ಮರಳು ಹರಡುತ್ತಾರೆ. ಮರೆತರೆ ಯಾರನ್ನು ಕೇಳುತ್ತೀರಿ ಎಂದು ಇವನು ಕೇಳಿದ. ನಾವು ನಾವೇ ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ, ಗುರು ಬೇಕಿಲ್ಲ ಎಂದರಂತೆ. ಅವನಿಗೆ ಇದು ಬಹಳ ಹಿಡಿಸಿತು. ಊರಿಗೆ ಬರೆದ ಕಾಗದದಲ್ಲಿ ವಿವರವಾಗಿ ಬರೆದ.

ಆ ಪುಟ ಓದಿ ನಾನು ಎದ್ದು ಗೋಡೆಯ ಹಾಳೆಯ ಮುಂದೆ ಹೋಗಿ ನಿಂತೆ. 1623ರ ಆ ದಿನ ರುಧಿರೋದ್ಗಾರಿ ಸಂವತ್ಸರ. ಆ ಹುಡುಗರಲ್ಲಿ ಒಬ್ಬನಿಗೆ ಎಂಟು ವರ್ಷ ಎಂದಿಟ್ಟುಕೊಳ್ಳಿ. ಶಿವಪ್ಪನಾಯಕ ಪಟ್ಟಕ್ಕೆ ಬಂದಾಗ ಅವನಿಗೆ ಮೂವತ್ತು. ಒಂದು ಊರಿನ ಲೆಕ್ಕ ಹಿಡಿಯುವ ವಯಸ್ಸು ಅದು. ಮರಳಿನ ಮೇಲೆ ಮಗ್ಗಿ ಬರೆದ ಹುಡುಗನೇ ಶಿಸ್ತಿನ ಲೆಕ್ಕ ಬರೆಯುವ ಶಾನುಭೋಗ ಆಗಬಹುದು! ಆ ಹುಡುಗರ ಹೆಸರನ್ನು ಪ್ರವಾಸಿ ಬರೆದಿಲ್ಲ. ಒಬ್ಬನಿಗೆ ನಾನು ತಿಮ್ಮಪ್ಪ ಎಂದು ಹೆಸರಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಪರದೇಶಿ ಒಂದು ಗಳಿಗೆ ನಿಂತು ನೋಡದಿದ್ದರೆ ಆ ಮಕ್ಕಳ ಸುಳಿವೇ ನಮಗೆ ಇರುತ್ತಿರಲಿಲ್ಲ.

ಕಥೆಗೆ ಒಂದು ಜಗಳ ಬೇಕಿತ್ತು. ಅದು ಸಿಕ್ಕಿದ್ದು ಅಳತೆ ಗಳದಲ್ಲಿ. ಸರ್ವೆ ಕೆಲಸ ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಳೆಯುವ ಗಳ ಒಂದು ಗೇಣು ಗಿಡ್ಡ ಆಯಿತು ಅಂತಿಟ್ಟುಕೊಳ್ಳಿ. ಹದಿನೆಂಟೂವರೆ ಅಡಿಯ ಬದಲು ಹದಿನೇಳು ಮುಕ್ಕಾಲು. ಉದ್ದದಲ್ಲಿ ನೋಡಿದರೆ ದೊಡ್ಡದೇನಲ್ಲ. ಆದರೆ ತೋಟವನ್ನು ಉದ್ದಕ್ಕೂ ಅಗಲಕ್ಕೂ ಅಳೆಯುತ್ತಾರೆ. ಎರಡೂ ಕಡೆ ಸೇರಿದಾಗ ಸಾವಿರ ಮರದ ತೋಟ ಲೆಕ್ಕದಲ್ಲಿ ಸುಮಾರು ಸಾವಿರದ ಎಂಬತ್ತಾರು ಮರದ ತೋಟ ಆಗುತ್ತದೆ. ಇಲ್ಲದ ಎಂಬತ್ತಾರು ಮರಕ್ಕೆ ವರ್ಷ ವರ್ಷ ವರಹ ಕಟ್ಟಬೇಕು. ನನ್ನ ಕಾದಂಬರಿಯಲ್ಲಿ ಗೌರಮ್ಮ ಎಂಬ ವಿಧವೆಗೆ ಇದರ ಅನುಮಾನ ಬರುತ್ತದೆ. ಅವಳ ತೋಟದ ಮರ ಅವಳಿಗೆ ಒಂದೊಂದೂ ಗೊತ್ತು. ಶಾನುಭೋಗ ತಿಮ್ಮಪ್ಪ, “ಗಳ ಸರ್ಕಾರದ್ದು ಅವ್ವಾ, ನನ್ನದಲ್ಲ” ಎನ್ನುತ್ತಾನೆ. ಅವಳು ಒಂದು ನೂಲಿನ ಉಂಡೆ ಹಿಡಿದು ಇಕ್ಕೇರಿಗೆ ನಡೆದು ಹೋಗುತ್ತಾಳೆ. ದೇವಸ್ಥಾನದ ಬಾಗಿಲಲ್ಲಿ ಕೂತು ಆ ಕಲ್ಲಿಗೆ ನೂಲು ಹಿಡಿದು, ಹದಿನೆಂಟು ಸಲ ಗಂಟು ಹಾಕಿಕೊಂಡು ಬರುತ್ತಾಳೆ.

ಗೌರಮ್ಮ ನನ್ನ ಕಲ್ಪನೆ. ಆದರೆ ಅಳತೆಯ ಮೂಲವನ್ನು ಅರಮನೆಯೊಳಗೆ ಇಡದೆ ದೇವಸ್ಥಾನದ ಬಾಗಿಲಲ್ಲಿ ಇಟ್ಟದ್ದು ನನ್ನ ಕಲ್ಪನೆ ಅಲ್ಲ. ಬಾಗಿಲಲ್ಲಿ ಇದ್ದರೆ ಯಾರು ಬೇಕಾದರೂ ನೋಡಬಹುದು, ಸಂಶಯ ಬಂದವರು ಅಳೆದುಕೊಳ್ಳಬಹುದು. ಶಿವಪ್ಪನಾಯಕನ ಮೇಲೆ ನನಗೆ ಗೌರವ ಹುಟ್ಟಿದ್ದು ಅವನು ಗೆದ್ದ ಕೋಟೆಗಳಿಂದಲ್ಲ, ಇದರಿಂದ.

ಗೌರಮ್ಮ ನಡೆದ ದಾರಿಯನ್ನು ಬರೆಯಲು ನಾನೂ ಆ ಕಡೆಯೆಲ್ಲ ಸುತ್ತಿದೆ. ಹಳೆಯ ಎಷ್ಟೋ ಊರು, ದಾರಿ ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿವೆ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಮುಳುಗಿದವು. ಮುಳುಗಡೆಯವರ ಜಮೀನಿನ ಕಾಗದಪತ್ರದ ಗೋಳನ್ನು ನೌಕರಿ ಉದ್ದಕ್ಕೂ ನೋಡಿದವಳು ನಾನು. ನೆಲ ಕಳೆದುಕೊಂಡು ಎಷ್ಟು ಕಾಲ ಆದರೂ ಕೈಯಲ್ಲಿ ಸರಿಯಾದ ಪಹಣಿ ಇಲ್ಲದ ಕುಟುಂಬಗಳಿವೆ. ಕಾದಂಬರಿಯಲ್ಲಿ ಇದರ ಒಂದು ಸಾಲೂ ಬರುವಂತಿಲ್ಲ. ಆದರೆ ಗೌರಮ್ಮ ತನ್ನ ತೋಟದ ಬಗ್ಗೆ ಮಾತಾಡುವಾಗ ನನ್ನ ಕಿವಿಯಲ್ಲಿ ಇದ್ದದ್ದು ತಾಲ್ಲೂಕು ಕಚೇರಿಯ ಕಟ್ಟೆ ಮೇಲೆ ಕೂತಿರುತ್ತಿದ್ದ ಆ ಹೆಂಗಸರ ದನಿ.

ಇಕ್ಕೇರಿಯಲ್ಲಿ ಅಘೋರೇಶ್ವರನ ಗುಡಿಯೊಳಗೆ ನೆಲದ ಮೇಲೆ ಕೆಳದಿ ಅರಸರ ರೂಪಗಳನ್ನು ಕೆತ್ತಿದ್ದಾರೆ. ದೇವರಿಗೆ ನಮಸ್ಕಾರ ಮಾಡುತ್ತಿರುವಂತೆ. ಬಂದವರು ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಗೌರಮ್ಮ ಅಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ಆ ದೃಶ್ಯವನ್ನು ಅಲ್ಲೇ ಕೂತು ಬರೆದೆ. ಕೊನೆಯವರೆಗೂ ಅದನ್ನು ಬದಲಾಯಿಸಲಿಲ್ಲ.

ಬರೆಯಲು ಹೊತ್ತು ಸಿಗುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಜಮಾಬಂದಿ, ಚುನಾವಣೆ, ಅತಿವೃಷ್ಟಿ ಪರಿಹಾರದ ಕೆಲಸ ಬಂದರೆ ತಿಂಗಳುಗಟ್ಟಲೆ ನಿಂತುಹೋಗುತ್ತಿತ್ತು. ನಿವೃತ್ತಿ ಆದ ಮೇಲೆ ಬರಹ ಒಂದು ಹದಕ್ಕೆ ಬಂತು. ಚಾರಿತ್ರಿಕ ಕಾದಂಬರಿಯಲ್ಲಿ ಹೊತ್ತು ತಿನ್ನುವುದು ದೊಡ್ಡ ಘಟನೆಗಳಲ್ಲ, ಸಣ್ಣ ವಸ್ತುಗಳು. ಒಬ್ಬ ಅತಿಥಿ ಮನೆಗೆ ಬಂದ. ಏನು ಕೊಡುತ್ತಾರೆ? ಕಾಫಿ ಇಲ್ಲ, ಚಹಾ ಇಲ್ಲ. ಬೆಲ್ಲ ನೀರು ಕೊಟ್ಟೆ. ಊಟಕ್ಕೆ ಆಲೂಗಡ್ಡೆ, ಟೊಮ್ಯಾಟೊ ಇಲ್ಲ. ಒಣಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಈ ದೇಶಕ್ಕೆ ಬಂದದ್ದು. ನನ್ನ ಹಳ್ಳಿಯ ಒಲೆಗೆ ಅದನ್ನು ತರಲಿಲ್ಲ. ಖಾರಕ್ಕೆ ಕಾಳುಮೆಣಸೇ. ಗಂಜಿ, ತಂಬುಳಿ, ಅಪ್ಪೆಹುಳಿ, ಅವಲಕ್ಕಿ, ಮಜ್ಜಿಗೆ ಇಷ್ಟರಲ್ಲೇ ಇಡೀ ಪುಸ್ತಕದ ಊಟ ಮುಗಿಯಿತು. ಮಳೆಗೆ ಕಂಬಳಿಕೊಪ್ಪೆ, ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡುವಾಗ ಗೊರಬು. ಹೊತ್ತು ಹೇಳಲು ಗಳಿಗೆ, ಜಾವ. ಗಂಟೆ, ನಿಮಿಷ ಎಲ್ಲೂ ಬರಬಾರದು. “ಐದು ನಿಮಿಷ ಇರು” ಎಂಬುದು ನಮ್ಮ ಬಾಯಿಗೆ ಎಷ್ಟು ಸಲ ಬರುತ್ತದೆ ಎಂದು ಬರೆಯುವಾಗಲೇ ತಿಳಿಯುವುದು.

ಅಡಿಕೆಯ ವಿಷಯಕ್ಕೆ ಹಿರಿಯ ತೋಟಗಾರರೊಬ್ಬರ ಹತ್ತಿರ ಹೋಗಿ ಕೂತೆ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಇವತ್ತು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದು ಮೈಸೂರು ಸೀಮೆಗೆ ಬಂದದ್ದು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ, ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ. ಅದಕ್ಕೆ ಮೊದಲು?

“ಮೊದಲು ಕೊಟ್ಟೆ ಕಟ್ಟೋದೇ ತಂಗಿ. ಒಂದೊಂದು ಅಡಿಕೆ ಗೊನೆಗೂ ಮಳೆ ಬೀಳದ ಹಾಗೆ ಟೋಪಿ ಹಾಕಿದ ಹಾಗೆ ಕಟ್ಟಬೇಕು. ಕರಡದ ಹುಲ್ಲಿಂದೂ ಮಾಡ್ತಿದ್ದರು, ಅಡಿಕೆ ಹಾಳೆದೂ ಮಾಡ್ತಿದ್ದರು.”

“ಎಲ್ಲಾ ಮರಕ್ಕೂ ಕಟ್ಟೋಕೆ ಆಗ್ತಿತ್ತಾ?”

“ಆಳಿದ್ದವರು ಕಟ್ಟಿಸಿದರು. ಇಲ್ಲದವರದ್ದು ಕೊಳೆತುಹೋಯಿತು.”

ಈ ಒಂದು ಮಾತಿನಿಂದ ನನ್ನ ಕಾದಂಬರಿಯ ಎರಡನೇ ಭಾಗವೇ ಬೆಳೆಯಿತು. ಆಳಿಲ್ಲದ ಗೌರಮ್ಮನ ತೋಟದಲ್ಲಿ ಅರ್ಧ ಗೊನೆಗಳಿಗೆ ಮಾತ್ರ ಕೊಟ್ಟೆ ಕಟ್ಟಿರುತ್ತದೆ. ಕಂದಾಯ ಮಾತ್ರ ಪೂರ್ತಿ ಮರಕ್ಕೆ.

ಆ ಆಳುಗಳ ಬಗ್ಗೆಯೂ ಹೇಳಬೇಕು. ಅಷ್ಟು ವರ್ಷ ಸರ್ಕಾರಿ ಗದ್ದೆಯಲ್ಲಿ ಉತ್ತವರು, ನೆಟ್ಟವರು, ಕೊಯ್ದವರು ಯಾರು? ಅವರಿಗೆ ಆ ಗದ್ದೆಯ ಲೆಕ್ಕ ಯಾತಕ್ಕೆ ಎಂದು ಯಾರಾದರೂ ಹೇಳಿದರಾ? ಆಳಿನ ಖರ್ಚು ಎಂದು ಒಂದು ಸಾಲಿನಲ್ಲಿ ಅವರೆಲ್ಲ ಸೇರಿಹೋಗಿದ್ದಾರೆ. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಈ ಸೀಮೆ, ಕರಾವಳಿಯಲ್ಲೆಲ್ಲ ಪ್ರವಾಸ ಮಾಡಿದಾಗ ಜೀತದಾಳುಗಳ ಸ್ಥಿತಿಯನ್ನು ಬರೆದುಕೊಂಡಿದ್ದಾನೆ. ಅವನದು ಒಂದೂವರೆ ಶತಮಾನ ಆಮೇಲಿನ ಮಾತು. ಅದನ್ನು ಹಾಗೇ ಹಿಂದಕ್ಕೆ ಒಯ್ಯುವುದು ಸರಿಯಲ್ಲ. ಹಾಗಂತ ಆ ಜನರನ್ನು ಬಿಟ್ಟು ಆ ಗದ್ದೆಯ ಕಥೆ ಹೇಳುವುದೂ ಸರಿಯಲ್ಲ. ಹಾಗಾಗಿ ಅವರಲ್ಲಿ ಒಬ್ಬನನ್ನು, ಕರಿಯನನ್ನು, ತಿಮ್ಮಪ್ಪನ ಎದುರು ತಂದು ನಿಲ್ಲಿಸಿದೆ. ಅವನಿಗೆ ಅಂಕಿ ಬರುವುದಿಲ್ಲ. ಆದರೆ ರಾಶಿ ನೋಡಿಯೇ ಎಷ್ಟು ಖಂಡುಗ ಎಂದು ಹೇಳಬಲ್ಲ. ಮೂರನೇ ವರ್ಷ ತಿಮ್ಮಪ್ಪ ಕಡತದಲ್ಲಿ ಬರೆದದ್ದಕ್ಕೂ ಕರಿಯ ಬಾಯಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಬರುತ್ತದೆ. ಕಥೆ ಅಲ್ಲಿ ತಿರುಗುತ್ತದೆ. ನನ್ನ ಇಡೀ ಪುಸ್ತಕದಲ್ಲಿ ನನಗೆ ಬಹಳ ಹತ್ತಿರದ ಅಧ್ಯಾಯ ಅದು.

ಹಸ್ತಪ್ರತಿ ಮುಗಿದ ಮೇಲೆ ಪ್ರಕಾಶಕರ ಹುಡುಕಾಟ. ಹೆಸರಾದ ಒಂದು ಪ್ರಕಾಶನದವರು ಓದಿ ಚೆನ್ನಾಗಿದೆ ಎಂದರು. ಆಮೇಲೆ, “ಶಿವಪ್ಪನಾಯಕನ ಕಾಲದ ಕಾದಂಬರಿ ಅಂದ್ರೆ ಜನ ಯುದ್ಧ ಕೇಳ್ತಾರೆ. ಅವನು ಶ್ರೀರಂಗಪಟ್ಟಣದ ಮೇಲೆ ಹೋಗಿದ್ದು, ಪೋರ್ಚುಗೀಸರ ಕೋಟೆ ಹಿಡಿದದ್ದು ಎಲ್ಲಾ ಸೇರಿಸಿ. ರಾಜ ಮುನ್ನೂರು ಪುಟ ಇರಲಿ” ಎಂದರು. ನನ್ನಿಂದ ಆಗುವುದಿಲ್ಲ ಎಂದೆ. ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ಹೊಸ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಅದು ಯುವಕರಿಗೆ, ನನ್ನ ವಯಸ್ಸಿನವರಿಗಲ್ಲ. ಐವತ್ತರ ಮೇಲೆ ಮೊದಲ ಪುಸ್ತಕ ಬರೆಯುವವರು, ಅದರಲ್ಲೂ ಮಕ್ಕಳನ್ನು ಬೆಳೆಸಿ, ನೌಕರಿ ಮುಗಿಸಿ ಕೂತ ಹೆಂಗಸರು, ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೂ ಇಂಥದ್ದೊಂದು ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೊನೆಗೆ ಒಂದು ಸಣ್ಣ ಪ್ರಕಾಶನದವರು ಒಪ್ಪಿದರು. ಅವರ ಸಂಪಾದಕಿ ನನಗಿಂತ ಬಹಳ ಚಿಕ್ಕವರು, ಹಠದಲ್ಲಿ ನನಗಿಂತ ದೊಡ್ಡವರು. “ಮೇಡಂ, ಇಲ್ಲಿ ನೀವು ಓದಿದ್ದೆಲ್ಲ ಹೇಳ್ತಿದೀರಿ. ತಿಮ್ಮಪ್ಪ ಎಲ್ಲಿ ಹೋದ?” ಎಂದು ಪುಟದ ಅಂಚಿನಲ್ಲಿ ಬರೆಯುತ್ತಿದ್ದರು. ನಾಣ್ಯದ ವಿವರ, ಸುಂಕದ ವಿವರ ಪುಟಗಟ್ಟಲೆ ಹೋದವು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ ಒತ್ತಕ್ಷರ, ಅರ್ಕಾವತ್ತುಗಳು ಎಲ್ಲೆಲ್ಲೋ ಹೋಗಿ ಕೂತವು. ಪುಟ ಪುಟವನ್ನೂ ಮತ್ತೆ ನೋಡಿದೆವು. ಮೊದಲ ಮುದ್ರಣ 500 ಪ್ರತಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ ಕಾಯುವುದು ಬೇರೆ. ಕನ್ನಡದಲ್ಲಿ ಪುಸ್ತಕ ಹಾಕುವ ಸಣ್ಣ ಪ್ರಕಾಶಕರು ಇದನ್ನೆಲ್ಲ ಹೇಗೆ ತಡೆದುಕೊಳ್ಳುತ್ತಾರೋ. ಹತ್ತಿರದಿಂದ ನೋಡಿದ ಮೇಲೆ ಅವರ ಬಗ್ಗೆ ಗೌರವ ಹೆಚ್ಚಾಯಿತು.

ಸಂಪಾದಕಿಯ ಜೊತೆ ನನಗೆ ಆದ ದೊಡ್ಡ ಚರ್ಚೆ ಒಂದೇ. ಕೊನೆಯಲ್ಲಿ ‘ಲೇಖಕಿಯ ಮಾತು’ ಇರಬೇಕು, ಅದರಲ್ಲಿ ಯಾವುದು ದಾಖಲೆ, ಯಾವುದು ನನ್ನ ಕಲ್ಪನೆ ಎಂದು ಬಿಡಿಸಿ ಬರೆಯಬೇಕು ಎಂದು ನಾನು ಪಟ್ಟು ಹಿಡಿದೆ. ಓದಿ ಮುಗಿಸಿದವರ ಕಣ್ಣ ಮುಂದಿನ ಚಿತ್ರ ಒಡೆದುಹೋಗುತ್ತದೆ ಎಂದು ಅವರ ವಾದ. ಅದರಲ್ಲೂ ಅರ್ಥ ಇದೆ. ಆದರೆ ನಮ್ಮಲ್ಲಿ ಕಾದಂಬರಿಯ ಮಾತನ್ನೇ ಇತಿಹಾಸ ಎಂದು ವೇದಿಕೆ ಮೇಲೆ ಹೇಳುತ್ತಾರೆ, ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಅದರ ಮೇಲೆ ಜಗಳ ಆಡುತ್ತಾರೆ. ಶಿವಪ್ಪನಾಯಕ ಪಟ್ಟಕ್ಕೆ ಬಂದ ಬಗೆಯನ್ನೇ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಾನು ಅದನ್ನು ಸಂತೆಯಲ್ಲಿ ಜನ ಆಡಿಕೊಳ್ಳುವ ಮಾತಾಗಿ ಮಾತ್ರ ತಂದಿದ್ದೇನೆ. ದಾಖಲೆ ಇರುವ ಕಡೆ ಅದನ್ನು ಮೀರಬಾರದು. ಇಲ್ಲದ ಕಡೆ ಧೈರ್ಯವಾಗಿ ಕಟ್ಟಬೇಕು, ಕಟ್ಟಿದ್ದು ನಾನು ಎಂದು ಒಪ್ಪಿಕೊಳ್ಳಬೇಕು. ಲೆಕ್ಕದಲ್ಲಿ ಅಂದಾಜು ಬರೆದರೆ ಪಕ್ಕದಲ್ಲಿ ಅಂದಾಜು ಎಂದೇ ಬರೆಯಬೇಕು, ಅಲ್ವಾ? ಕೊನೆಗೆ ಆರು ಪುಟದ ಮಾತು ಪುಸ್ತಕದಲ್ಲಿ ಉಳಿಯಿತು. ಈಗ ಓದಿದವರಲ್ಲಿ ತುಂಬ ಜನ ಅದರ ಬಗ್ಗೆಯೇ ಕೇಳುತ್ತಾರೆ.

ಬಿಡುಗಡೆ ಸಾಗರದಲ್ಲಿ ಸಣ್ಣದಾಗಿ ಆಯಿತು. ಹಳೇ ಸಹೋದ್ಯೋಗಿಗಳು, ಒಂದಿಬ್ಬರು ಸರ್ವೆಯವರು, ತೋಟದ ಆ ಹಿರಿಯರು ಬಂದಿದ್ದರು. ಆಮೇಲೆ ಓದಿದವರ ಫೋನು ಶುರುವಾದವು. ಒಬ್ಬರು ತಮ್ಮ ಮನೆತನ ಅದೇ ಕಾಲದ ಶಾನುಭೋಗಿಕೆಯದು, ಹೆಸರು ಹಾಕಬೇಕಿತ್ತು ಎಂದರು. ಇನ್ನೊಬ್ಬರು ನಾಯಕನನ್ನು ಇಷ್ಟು ಕಡಿಮೆ ತೋರಿಸಿದ್ದು ಅವನಿಗೆ ಅವಮಾನ ಎಂದು ಸಿಟ್ಟಾದರು. ಅವರ ಜೊತೆ ಬಹಳ ಹೊತ್ತು ಮಾತಾಡಿದೆ. ಪುಸ್ತಕದ ತುಂಬ ಇರುವುದು ಅವನು ಮಾಡಿದ ಕೆಲಸವೇ ಎಂದೆ. ಒಪ್ಪಲಿಲ್ಲ. ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಮಾತ್ರ ನನಗೆ ದೊಡ್ಡ ಖುಷಿ ಕೊಟ್ಟರು. ಗಿಡ್ಡ ಗಳದ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದರಂತೆ. ಅಂಗಳದಲ್ಲಿ ಮಕ್ಕಳೇ ಹದಿನೆಂಟೂವರೆ ಅಡಿ ಹಗ್ಗ ಹಿಡಿದು ಅಳೆದು, ವರ್ಗ ಮಾಡಿದರೆ ವ್ಯತ್ಯಾಸ ಯಾಕೆ ಜಾಸ್ತಿ ಆಗುತ್ತದೆ ಎಂದು ಕಂಡುಕೊಂಡರಂತೆ.

ಈಗ ಎರಡನೆಯದರ ಓದು ನಡೆದಿದೆ. ಕುಂದಾಪುರದ ಹತ್ತಿರದ ಬಸ್ರೂರು ಆ ಕಾಲದಲ್ಲಿ ದೊಡ್ಡ ಅಕ್ಕಿ ಬಂದರು. ಅಲ್ಲಿಂದ ಗೋವೆಗೆ, ಅರಬ್ಬೀ ತೀರಕ್ಕೆ ಅಕ್ಕಿ ಹೋಗುತ್ತಿತ್ತು. 1650ರ ದಶಕದ ಮೊದಲ ಭಾಗದಲ್ಲಿ ಶಿವಪ್ಪನಾಯಕ ಪೋರ್ಚುಗೀಸರನ್ನು ಅಲ್ಲಿಂದ ಎಬ್ಬಿಸಿದ. ಘಟ್ಟದ ಮೇಲೆ ತಿಮ್ಮಪ್ಪ ಕೊಳಗದಲ್ಲಿ ಅಳೆದ ಭತ್ತದ ಕಥೆ ಇನ್ನು ಘಟ್ಟ ಇಳಿಯಬೇಕು. ಎತ್ತಿನ ಹೇರಿನಲ್ಲಿ ಅಕ್ಕಿ ಘಟ್ಟ ಇಳಿಯಲು ಎಷ್ಟು ದಿನ, ದಾರಿಯಲ್ಲಿ ಎಲ್ಲೆಲ್ಲಿ ಸುಂಕದ ಕಟ್ಟೆ, ಯಾರ ದೋಣಿಗೆ ಏರಿತು, ಇದನ್ನೆಲ್ಲ ಕಲೆ ಹಾಕುತ್ತಿದ್ದೇನೆ. ಪೋರ್ಚುಗೀಸರ ದಾಖಲೆ ಬಲ್ಲವರೊಬ್ಬರು ಗೋವೆಯಲ್ಲಿ ಸಿಕ್ಕಿದ್ದಾರೆ. ಮಳೆಗಾಲ ಮುಗಿದ ಮೇಲೆ ಅವರ ಹತ್ತಿರ ಹೋಗಿ ಕೂರಬೇಕು. ಅಡುಗೆಮನೆಯ ಗೋಡೆಗೆ ಹೊಸ ಹಾಳೆ ಬಂದಾಗಿದೆ.